ರೇಸ್ ಕಾರಿಗೆ ಖಂಡೇಪೂಜೆ

ಆ ಕಾರು ನಮ್ಮ ಸ್ಯಾನ್ ಡಿಯಾಗೋ ಮನೆಯ ಗ್ಯಾರೇಜಿಗೆ ಬಂದ ದಿನ, ಬಾಗಿಲು ತೆಗೆಯಲು ಹೋಗಿ ಹಿಡಿಕೆಗಾಗಿ ಕೈಯಾಡಿಸಿದೆ. ಹಿಡಿಕೆ ಸಿಗಲಿಲ್ಲ. ಬಾಗಿಲೇ ಇರಲಿಲ್ಲ. ಬಾಗಿಲಿನ ಆಕಾರದಲ್ಲಿ ತಗಡು, ತಗಡಿನ ತುಂಬ ದೊಡ್ಡದೊಂದು ಅಂಕಿ. ಹೆಡ್‌ಲೈಟ್ ಇರಬೇಕಾದ ಕಡೆಯೂ ತಗಡು ಮುಚ್ಚಿ ಬಣ್ಣ ಬಳಿದಿದ್ದರು. ಕಿಟಕಿಯಿಂದ ಇಣುಕಿದರೆ ಒಳಗೆ ಒಂದೇ ಸೀಟು, ಅದರ ಸುತ್ತ ಕಬ್ಬಿಣದ ಕೊಳವೆಗಳ ಪಂಜರ. ಚಾಲಕ ಆ ಕಿಟಕಿಯಿಂದಲೇ ಕಾಲು ಹಾಕಿ ಒಳಗೆ ಇಳಿಯಬೇಕಂತೆ.

ನಮ್ಮ ಜೊತೆಗೇ ಇರುವ ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಗ್ಯಾರೇಜಿಗೆ ಬಂದು ಒಂದು ಸುತ್ತು ಹಾಕಿದರು.

"ಬಾಗಲಾ ಇಲ್ಲದ ಗಾಡಿ ಯಾಂವ ಮಾಡ್ಯಾನ ಇದು?"

"ಇದು ಸ್ಟಾಕ್ ಕಾರು ಅವ್ವಾ," ಎಂದರು ನನ್ನ ಯಜಮಾನರು. "ಹೊರಗ ನೋಡಾಕ ಅಂಗಡ್ಯಾಗಿನ ಕಾರ್ ಇದ್ದಂಗ. ಒಳಗ ಓಡಾಕ ಎಷ್ಟು ಬೇಕೋ ಅಷ್ಟ."

"ಅಂದ್ರ ಇದರಾಗ ಆರ್ಟೀಸಿಯಾದಾಗಿನ ನಮ್ಮ ಮಂದಿ ಅಂಗಡಿಗೆ ಹೋಗಿ ಒಂದ್ ಚೀಲ ಜ್ವಾಳದ ಹಿಟ್ಟು ತರಾಕೂ ಬರೂದಿಲ್ಲ?"

"ಇಲ್ಲವ್ವಾ. ರಸ್ತೆ ಮ್ಯಾಲ ಇದನ್ನ ಓಡಸೂಹಂಗ ಇಲ್ಲ."

"ಭಾಳ ಚಲೋ ಆತು," ಎಂದು ಅತ್ತೆ ಒಳಗೆ ಹೋದರು.

ಇದರ ಮೂಲ 2020ರಲ್ಲಿದೆ. ಎಲ್ಲರೂ ಮನೆಯೊಳಗೆ ಕೂತ ಆ ತಿಂಗಳುಗಳಲ್ಲಿ ನೆರೆಯವರು ಬ್ರೆಡ್ ಮಾಡುವುದು ಕಲಿತರು, ನಮ್ಮವರು ಹಳೆಯ ರೇಸುಗಳನ್ನು ನೋಡತೊಡಗಿದರು. ಒಂದು ಪರದೆಯಲ್ಲಿ ಟೆಲಿಕಾಂ ಕಂಪನಿಯ ಮೀಟಿಂಗು, ಇನ್ನೊಂದರಲ್ಲಿ ಎಂಬತ್ತರ ದಶಕದ ರೇಸು. ಅದರಲ್ಲೂ ಒಬ್ಬ ಚಾಲಕನದು ಮಾತ್ರ. ಓದಲು ಈ ದೇಶಕ್ಕೆ ಬಂದ ಹೊಸತರಲ್ಲಿ ರೂಮ್‌ಮೇಟ್ ಜೊತೆ ಟ್ರ್ಯಾಕಿಗೆ ಹೋಗಿ, ಕಿವಿಗೆ ಹತ್ತಿ ತುರುಕಿಕೊಂಡು ಆತ ಓಡಿಸುವುದನ್ನು ನೋಡಿದ್ದರಂತೆ. "ಟ್ರ್ಯಾಕಿನ ಗ್ವಾಡಿಗೂ ಕಾರಿಗೂ ನಡುವ ಒಂದ್ ಬೆರಳು ಹೋಗಬೇಕು, ಅಷ್ಟ ಜಾಗಾ ಬಿಡ್ತಿದ್ದ," ಎಂದು ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯನ್ನು ಸರಿಸಿ ತೋರಿಸುತ್ತಿದ್ದರು. ಈಗ ಆತ ದಂತಕಥೆ. ಆತನ ಹೆಸರು ಹೇಳುವಾಗ ವಯಸ್ಸಾದ ಗಂಡಸರು ದನಿ ತಗ್ಗಿಸುವುದನ್ನು ನಾನೇ ಕಂಡಿದ್ದೇನೆ. ಆತ ಓಡಿಸಿದ ಕಾರುಗಳು ಎಲ್ಲೆಲ್ಲೋ ಚದುರಿಹೋಗಿವೆ. ಅದರಲ್ಲೊಂದು ಲಾಸ್ ಏಂಜಲೀಸ್‌ನ ಪೂರ್ವಕ್ಕೆ, ಯಾರದೋ ಶೆಡ್ಡಿನಲ್ಲಿ ಟಾರ್ಪಾಲಿನಡಿ ನಿಂತಿದೆ ಎಂದು ಗೊತ್ತಾದ ಮೇಲೆ ನಮ್ಮವರಿಗೆ ಊಟ ರುಚಿಸಲಿಲ್ಲ. ಮುಂದಿನ ವರ್ಷ ಕಾರು ಬಂತು.

ಹಳೆಯ ರೇಸ್ ಕಾರಿಗೆ ಬೆಲೆ ಕಟ್ಟುವ ಬಗೆ ಚಿನ್ನಕ್ಕೆ ಕಟ್ಟಿದ ಹಾಗಲ್ಲ ಎಂದು ನಾನು ನಿಧಾನವಾಗಿ ಕಲಿತೆ. ಒಬ್ಬ ಚಾಲಕನಿಗೆ ಒಂದೇ ಅಂಕಿಯ ಹತ್ತಾರು ಕಾರುಗಳಿರುತ್ತವೆ. ಗುದ್ದುತ್ತವೆ, ರಿಪೇರಿಯಾಗುತ್ತವೆ, ಬೇರೆ ತಂಡಕ್ಕೆ ಮಾರಿಹೋಗಿ ಬೇರೆ ಬಣ್ಣ ಬಳಿಸಿಕೊಳ್ಳುತ್ತವೆ. ಹಾಗಾಗಿ ಅಂಕಿ ನೋಡಿ ಯಾರೂ ನಂಬುವುದಿಲ್ಲ. ಆತ ಇಳಿದುಹೋದ ದಿನ ಕಾರು ಹೇಗಿತ್ತೋ ಹಾಗೇ ಉಳಿದಿದ್ದರೆ ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಗೌರವ. ನಮ್ಮ ಕಾರು ಹಾಗಿತ್ತು. ಯಜಮಾನರು ಟಾರ್ಚ್ ಹಿಡಿದು ನನಗೆ ತೋರಿಸಿದರು: ಚಕ್ರದ ಮೇಲಿನ ಗೂಡಿನಲ್ಲಿ ಒಣಗಿದ ಅಕ್ಕಿ ಸಂಡಿಗೆಯಂತೆ ಅಂಟಿದ ಟೈರಿನ ರಬ್ಬರ್ ಚೂರುಗಳು, ಬಾನೆಟ್ಟಿನ ಅಂಚಿಗೆ ಹಚ್ಚಿದ್ದ ಟೇಪಿನ ಕಂದು ಗುರುತು, ಗಾಜಿನ ಮೂಲೆಯಲ್ಲಿ ಯಾರೋ ಮೇಣದ ಪೆನ್ಸಿಲಿನಲ್ಲಿ ಗೀಚಿದ ಬಾಣ. ಅದನ್ನೆಲ್ಲ ಅವರು ಬಿಳಿ ಹತ್ತಿಯ ಗ್ಲೌಸ್ ಹಾಕಿಕೊಂಡು ನೋಡುತ್ತಿದ್ದರು. ನನ್ನ ಮದುವೆಯ ಸೀರೆಯನ್ನೂ ಅವರು ಅಷ್ಟು ಹಗುರವಾಗಿ ಮುಟ್ಟಿದ್ದಿಲ್ಲ.

ಲಾಸ್ ಏಂಜಲೀಸ್‌ನ ಒಂದು ಮ್ಯೂಸಿಯಂನಲ್ಲಿ ಆ ಚಾಲಕನ ಕಾರುಗಳ ಪ್ರದರ್ಶನ ನಡೆಯುವುದಿತ್ತು. ಅಲ್ಲಿ ಒಂದು ಸಾಲು, ಕೊನೆಯ ರೇಸ್ ಮುಗಿಸಿ ಬಂದ ಹಾಗೇ ನಿಂತ ಕಾರುಗಳಿಗೆಂದೇ ಮೀಸಲು. ಆ ಸಾಲಿನಲ್ಲಿ ನಮ್ಮ ಕಾರು ನಿಲ್ಲಬೇಕು. ಯಜಮಾನರಿಗೆ ಇದ್ದದ್ದು ಇದೊಂದೇ ಆಸೆ. ಬಡ್ತಿ ಬಂದಾಗಲೂ ಮನೆ ಕೊಂಡಾಗಲೂ ಅವರು ಯಾವುದನ್ನೂ ಹೀಗೆ ಬಾಯಿಬಿಟ್ಟು ಬಯಸಿದ್ದು ನನಗೆ ನೆನಪಿಲ್ಲ. ಮ್ಯೂಸಿಯಂನವರು ತಮಗೆ ಒಪ್ಪಿಗೆಯಾದ ಪರೀಕ್ಷಕಿಯೊಬ್ಬರನ್ನು ಕಳಿಸುತ್ತೇವೆ ಎಂದರು. ಆಕೆ ಮೊದಲೇ ಈಮೇಲ್ ಮಾಡಿದ್ದರು: ಪಾಲಿಶ್ ಮಾಡಬೇಡಿ, ಬಣ್ಣ ಹಚ್ಚಬೇಡಿ, ಹಳೆಯ ಭಾಗ ಯಾವುದನ್ನೂ ಬದಲಿಸಬೇಡಿ.

ಆಕೆ ಬರುವ ಮುಂಚಿನ ವಾರ ನವರಾತ್ರಿ. ನಾವು ಬೆಂಗಳೂರಿನವರು ಆಯುಧಪೂಜೆ ಅನ್ನುವುದನ್ನು ಧಾರವಾಡ ಕಡೆಯ ಅತ್ತೆ ಖಂಡೇಪೂಜಿ ಅನ್ನುತ್ತಾರೆ. ಆ ದಿನ ನಮ್ಮ ಮನೆಯಲ್ಲಿ ಈಳಿಗೆಮಣೆಯಿಂದ ಲ್ಯಾಪ್‌ಟಾಪಿನವರೆಗೆ ಎಲ್ಲಕ್ಕೂ ವಿಭೂತಿ, ಅರಿಶಿನ, ಕುಂಕುಮ. ನಾವು ಓಡಿಸುವ ಎರಡು ಕಾರುಗಳು ಬೆಳಿಗ್ಗೆಯೇ ತೊಳೆಸಿಕೊಂಡು ಡ್ರೈವ್‌ವೇಯಲ್ಲಿ ಹೊಳೆಯುತ್ತಿದ್ದವು. ಅತ್ತೆ ಆರತಿ ತಟ್ಟೆ ಹಿಡಿದು ಬಂದವರು ಗ್ಯಾರೇಜಿನೊಳಗೆ ನೋಡಿ ನಿಂತರು.

"ಅದಕ್ಕ?"

"ಅದಕ್ಕ ಬ್ಯಾಡವ್ವಾ. ದೂರಿಂದ ಬೆಳಗಿಬಿಡು."

"ಮನ್ಯಾಗ ಮೂರು ಗಾಡಿ ಇಟಕೊಂಡು ಎರಡಕ್ಕ ಪೂಜಾ ಮಾಡೂದೇನು? ಅದೇನು ಮಲಮಗಾ?"

"ಹಂಗಲ್ಲವ್ವಾ..."

"ಹೊಲಸ ಇದ್ದದ್ದಕ್ಕ ನಾ ಕುಂಕುಮಾ ಹಚ್ಚಾಂಗಿಲ್ಲ ನೋಡು. ಮಕಾ ತೊಳೀದ ಯಾರರ ಕುಂಕುಮಾ ಹಚಗೊಂತಾರೇನು?"

ಯಜಮಾನರು ಒಮ್ಮೆ ತಾಯಿಯ ಕಡೆ, ಒಮ್ಮೆ ಕಾರಿನ ಕಡೆ ನೋಡಿದರು. "ಮ್ಯಾಲಿನ ಧೂಳಷ್ಟ ಒರಸ್ತೀನಿ," ಎಂದು ನನಗೆ ಹೇಳಿದರು, ನಾನೇನೋ ಕೇಳಿದ್ದೆ ಎಂಬಂತೆ.

ನಾನು ಪಾಯಸ ತಳ ಹಿಡಿಯದಂತೆ ನೋಡಿಕೊಳ್ಳಲು ಒಳಗೆ ಹೋದೆ. ಚಹಾ ತೆಗೆದುಕೊಂಡು ಮತ್ತೆ ಬಂದಾಗ ಅವರು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಬರಿಗಾಲಲ್ಲಿ, ಚಕ್ರದ ಗೂಡಿನೊಳಗೆ ತೋಳು ತೂರಿಸಿ ಉಜ್ಜುತ್ತಿದ್ದರು. ಬಕೆಟ್ಟಿನ ನೀರು ಕಪ್ಪಗಿತ್ತು. ಊರಿನಲ್ಲಿ ಖಂಡೇಪೂಜೆಯ ದಿನ ಅಣ್ಣತಮ್ಮಂದಿರು ಸೇರಿ ತಂದೆಯ ಜೀಪನ್ನು ಕೆರೆಯ ದಂಡೆಗೆ ಒಯ್ದು ತೊಳೆಯುತ್ತಿದ್ದರಂತೆ. ಯಾರ ಪಾಲಿನ ಚಕ್ರ ಹೆಚ್ಚು ಹೊಳೆಯುತ್ತದೋ ಅವನಿಗೆ ಮುಂದಿನ ಸೀಟು. ಆ ಕೈಗೆ ಅರ್ಧ ತೊಳೆದು ಬಿಡುವುದು ಗೊತ್ತಿರಲಿಲ್ಲ. ಗ್ಲೌಸು ಕಪಾಟಿನ ಮೇಲಿತ್ತು. ಅವರು ಯಾವುದೋ ಹಾಡು ಗುನುಗುತ್ತಿದ್ದರು. ಅಷ್ಟು ಹಗುರವಾಗಿ ಅವರನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ. ಆಮೇಲೆ ಅತ್ತೆ ಬಾನೆಟ್ಟಿಗೆ ವಿಭೂತಿ ಬಳಿದು, ಅರಿಶಿನ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಟ್ಟರು. ಎಂಜಿನ್ ಶುರುಮಾಡುವಂತಿರಲಿಲ್ಲವಾದ್ದರಿಂದ ನಾನೂ ಯಜಮಾನರೂ ಕಾರನ್ನು ತಳ್ಳಿಯೇ ನಿಂಬೆಹಣ್ಣು ಒಡೆದೆವು.

ಪರೀಕ್ಷಕಿ ಪಸಡೀನಾದಿಂದ ಬಂದರು. ಅರವತ್ತು ದಾಟಿದವರು, ನರೆತ ಜಡೆ, ಮೊಣಕಾಲಿಗೆ ಕಟ್ಟಿಕೊಂಡ ಮೆತ್ತೆ. ಕಾರಿನ ಅಂದಚಂದ ನೋಡದೆ ನೇರ ನೆಲದ ಮೇಲೆ ಮಲಗಿ, ಟಾರ್ಚು ಮತ್ತು ಪುಟ್ಟ ಕನ್ನಡಿ ಹಿಡಿದು ಅಡಿಗೆ ಸರಿದರು. ನನಗೆ ಕಾನ್ವೆಂಟಿನ ಹೊಲಿಗೆ ಕ್ಲಾಸು ನೆನಪಾಯಿತು. ನಮ್ಮ ಸಿಸ್ಟರ್ ಕಸೂತಿಯ ಮುಂಭಾಗವನ್ನು ನೋಡುತ್ತಲೇ ಇರಲಿಲ್ಲ. ಬಟ್ಟೆ ತಿರುಗಿಸಿ ಹಿಂದಿನ ಗಂಟು ನೋಡಿ, ಇದು ಯಾರ ಕೈಯದು, ಮನೆಯಲ್ಲಿ ಅಕ್ಕ ಮಾಡಿಕೊಟ್ಟದ್ದೋ ಎಂದು ಹೇಳಿಬಿಡುತ್ತಿದ್ದರು. ಈಕೆ ಹಾಗೆಯೇ ಕೊಳವೆಗಳ ಬೆಸುಗೆಯನ್ನು ಒಂದೊಂದಾಗಿ ನೋಡಿದರು. ಆ ಚಾಲಕನ ಕಾರು ಗೋಡೆಗೆ ಗುದ್ದಿ ನುಜ್ಜಾದಾಗಿನ ಹಳೆಯ ಫೋಟೋ ಒಂದನ್ನು ಪಕ್ಕದಲ್ಲಿಟ್ಟುಕೊಂಡು, ಬಲಗಡೆಯ ಕೊಳವೆಯನ್ನು ಕತ್ತರಿಸಿ ಮತ್ತೆ ಕೂಡಿಸಿದ ಜಾಗವನ್ನು ಹುಡುಕಿದರು.

"ಇದು ಅವನದೇ," ಎಂದು ಅಡಿಯಿಂದಲೇ ಹೇಳಿದರು. "ಅನುಮಾನವಿಲ್ಲ."

ಯಜಮಾನರು ಗೋಡೆಗೆ ಒರಗಿದರು. ಆಕೆ ಹೊರಬಂದು, ಎದ್ದು ಚಕ್ರದ ಗೂಡಿನೊಳಗೆ ಬೆರಳು ಎಳೆದು, ಬೆರಳನ್ನು ಬೆಳಕಿಗೆ ಹಿಡಿದರು. ಶುದ್ಧವಾಗಿತ್ತು.

"ಇಲ್ಲೇನಿತ್ತು?"

ಯಜಮಾನರಿಗೆ ಅರಿವಾದದ್ದು ಆ ಕ್ಷಣ. ಮುಖದಲ್ಲಿ ಕಂಡಿತು. "ರಬ್ಬರ್," ಎಂದರು.

"ಗಾಜಿನ ಮೇಲೆ?"

"ಬಾಣದ ಗುರುತು."

"ಎಲ್ಲಿ ಹೋಯಿತು?"

"ತೊಳೆದೆ."

"ಯಾಕೆ?"

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಇಂಗ್ಲಿಷಿನಲ್ಲಿ ಕೆಲಸ ಮಾಡಿದ ಮನುಷ್ಯನಿಗೆ ಉತ್ತರ ಹೊರಡಲಿಲ್ಲ. ನಾನೇ ಹೇಳಿದೆ: ವರ್ಷಕ್ಕೊಮ್ಮೆ ನಾವು ನಮಗಾಗಿ ದುಡಿಯುವ ವಸ್ತುಗಳಿಗೆ ಕೈ ಮುಗಿಯುತ್ತೇವೆ, ಅದಕ್ಕೂ ಮೊದಲು ಅವುಗಳಿಗೆ ಸ್ನಾನ ಮಾಡಿಸುತ್ತೇವೆ. ಆಕೆ ಕೊನೆಯವರೆಗೂ ಕೇಳಿಸಿಕೊಂಡರು. "ತೊಳೆಯಬೇಡಿ ಎಂದು ಯಾರಿಗೂ ಬರೆಯಬೇಕಾದ ಪ್ರಸಂಗ ನನಗೆ ಬಂದಿರಲಿಲ್ಲ," ಎಂದು ಮೆಲ್ಲಗೆ ನುಡಿದರು. ಯಜಮಾನರು ಕರವಸ್ತ್ರ ತೆಗೆದು ಬಾನೆಟ್ಟಿನ ಕುಂಕುಮ ಒರೆಸಲು ಹೊರಟರು. ಆಕೆ ಅವರ ಮಣಿಕಟ್ಟು ಹಿಡಿದರು. "ಅದನ್ನು ಬಿಡಿ. ಕಲೆ ಹಳೆಯ ಬಣ್ಣದೊಳಕ್ಕೆ ಇಳಿದಾಗಿದೆ. ಶುಚಿ ಮಾಡಿದ್ದು ಸಾಕು."

ಅಷ್ಟರಲ್ಲಿ ಅತ್ತೆ ಶೇಂಗಾ ಉಂಡೆಯ ತಟ್ಟೆ ಹಿಡಿದು ಬಂದರು. "ಆಕೀಗೆ ಹೇಳವ್ವಾ, ನನ್ನ ಮಗಾ ಹೆಂಗ ಲಕಲಕಾ ತೊಳದಾನ ನೋಡಂತ."

"ಒಂದು ಉಂಡೆ ತಗೊಳ್ಳಿ ಅಂತಿದ್ದಾರೆ," ಎಂದು ನಾನು ಆಕೆಗೆ ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಎರಡು ತೆಗೆದುಕೊಂಡರು.

ತೀರ್ಮಾನ ಬಂತು. ಕಾರು ಅಸಲಿ, ಪ್ರದರ್ಶನಕ್ಕೆ ಖಂಡಿತ ಬೇಕು, ಆದರೆ ಆ ಸಾಲಿನಲ್ಲಿ ಅಲ್ಲ. ಕಾರಿನ ಬೆಲೆಯೂ ಇಳಿದಿತ್ತು, ಆ ಮಾತನ್ನು ನಮ್ಮವರು ಎತ್ತಲಿಲ್ಲ. ತಾಯಿಗೆ ಒಂದು ಮಾತೂ ಅನ್ನಲಿಲ್ಲ. ಗ್ಯಾರೇಜಿಗೆ ಹೋಗುವುದನ್ನು ಮಾತ್ರ ಬಿಟ್ಟರು. ವಾಷಿಂಗ್ ಮೆಷಿನ್ ಅಲ್ಲೇ ಇರುವುದರಿಂದ ನಾನು ಬಟ್ಟೆ ಬುಟ್ಟಿ ಹೊತ್ತು ದಿನವೂ ಆ ಕಾರನ್ನು ದಾಟುತ್ತಿದ್ದೆ.

"ಯಾಕ ಸಪ್ಪಗ ಅದಾನ ಅಂವ?" ಎಂದು ಅತ್ತೆ ಒಂದು ದಿನ ಕೇಳಿದರು. ಅವರೆಕಾಳು ಬಿಡಿಸುತ್ತಿದ್ದ ನಾನು ವಿಷಯ ಹೇಳಿದೆ.

ಅವರೂ ಒಂದು ಕಾಯಿ ಕೈಗೆತ್ತಿಕೊಂಡರು. "ಹೊಲಸಿಗೆ ಬೆಲಿ ಕಟ್ಟೂ ಊರು ಇದು ಅಂತ ನನಗ ಯಾರು ಹೇಳ್ಯಾರ?" ಎಂದು, ಸಿಪ್ಪೆಗಳ ಜೊತೆ ಒಂದು ಕಾಳನ್ನೂ ಬುಟ್ಟಿಗೆ ಹಾಕಿಬಿಟ್ಟರು.

ಪ್ರದರ್ಶನದ ಮೊದಲ ಶನಿವಾರ ಮೂವರೂ ಲಾಸ್ ಏಂಜಲೀಸ್‌ಗೆ ಹೋದೆವು. ದಾರಿಯುದ್ದಕ್ಕೂ ಎಡಕ್ಕೆ ಸಮುದ್ರ ಕಾಣಿಸುತ್ತಿತ್ತು, ಮರೆಯಾಗುತ್ತಿತ್ತು. ಮ್ಯೂಸಿಯಂನಲ್ಲಿ ಮೊದಲು ಸಿಕ್ಕಿದ್ದೇ ಆ ಸಾಲು. ಹಗ್ಗದ ಆಚೆ ನಿಂತ ಕಾರುಗಳ ಗಾಜಿಗೆ ಹುಳಗಳು ಅಂಟಿದ್ದವು, ಟೇಪು ಜೋತಾಡುತ್ತಿತ್ತು, ಬಾಗಿಲಿನ ತಗಡಿನ ಮೇಲೆ ಗೋಡೆಯ ಬಿಳಿ ಬಣ್ಣದ ಉದ್ದ ಗೀರು. ಯಜಮಾನರು ಅಲ್ಲಿಯೇ ನಿಂತುಬಿಟ್ಟರು. ಅತ್ತೆ ಹಗ್ಗದ ಮೇಲೆ ಬಾಗಿ ಮೊದಲ ಕಾರಿನಿಂದ ಕೊನೆಯದರವರೆಗೆ ಸಾವಕಾಶವಾಗಿ ನೋಡಿದರು.

"ಇಷ್ಟು ದೊಡ್ಡ ಮನಿ," ಎಂದರು. "ತೊಳ್ಯಾಕ ಒಬ್ಬಾಂವ ಗಂಡಸಿಲ್ಲ."

ಯಜಮಾನರ ಗಂಟಲಲ್ಲಿ ಏನೋ ಸದ್ದಾಯಿತು. ಅಳು ಎಂದುಕೊಂಡು ನಾನು ತೋಳು ಹಿಡಿದೆ. ನಗುತ್ತಿದ್ದರು.

ನಮ್ಮ ಕಾರು ಒಳಗಿನ ಕೋಣೆಯಲ್ಲಿತ್ತು, ಬಾನೆಟ್ಟಿನ ಮೇಲೆ ಅರಿಶಿನದ ಮಾಸಲು ಕಲೆಯ ಸಮೇತ. ಅದರ ಮುಂದೆ ಊರುಗೋಲು ಹಿಡಿದ ಮುದುಕರೊಬ್ಬರು ನಿಂತಿದ್ದರು. ಕಾರು ನಿಮ್ಮದೇ ಎಂದು ಕೇಳಿ, ನಮ್ಮವರ ಕೈ ಕುಲುಕಿದರು.

"ಇದನ್ನು ನಾನು ಓಟಕ್ಕೆ ಮೊದಲು ನೋಡಿದ್ದೆ. ಟ್ರ್ಯಾಕಿಗೆ ತಂದು ನಿಲ್ಲಿಸಿದಾಗ ಹೀಗೇ ಹೊಳೆಯುತ್ತಿತ್ತು. ತಂಡದ ಹುಡುಗರು ಬೆಳಗೆಲ್ಲ ಉಜ್ಜುತ್ತಿದ್ದರು. ಆಮೇಲಿನ ಕೊಳೆಯನ್ನು ಎಲ್ಲರೂ ನೋಡಿದ್ದಾರೆ."

ಯಜಮಾನರು ಕಾರಿನ ಕಡೆ ತಿರುಗಿದರು. ಕಿವಿಗೆ ಹತ್ತಿ ತುರುಕಿಕೊಂಡು ಕೂತ ದಿನ ಅವರೂ ಆ ಹೊಳಪನ್ನು ಕಂಡಿರಬೇಕು.

"ಏನಂತಾನ ಅಂವ?" ಅತ್ತೆ ನನ್ನ ಮೊಣಕೈ ತಿವಿದರು.

"ರೇಸಿಗೆ ಮುಂಚೆ ಕಾರನ್ನ ತೊಳೆದು ಹೀಗೇ ಫಳಫಳ ಅನ್ನೋ ಹಾಗೆ ಇಡ್ತಿದ್ರಂತೆ ಅತ್ತೆ."

"ಮತ್ತ? ಅವರಿಗೂ ಅವ್ವ ಇದ್ದಿರಬೇಕಲ್ಲ," ಎಂದು ಅತ್ತೆ ಕೂರಲು ಬೆಂಚು ಹುಡುಕುತ್ತ ಹೊರಟರು. ಯಜಮಾನರು ಹಗ್ಗದ ಈಚೆ ನಿಂತು ಆ ಮುದುಕರಿಗೆ ಖಂಡೇಪೂಜೆ ಎಂದರೇನೆಂದು ಹೇಳತೊಡಗಿದ್ದರು. ಈ ಸಲ ಇಂಗ್ಲಿಷ್ ಸರಾಗವಾಗಿ ಬರುತ್ತಿತ್ತು.