ಅವ್ವ ತೀರಿಕೊಂಡ ವಾರದ ನೀರಿನ ಸರದಿ

ನಮ್ಮ ಕಾಲುವೆಯ ನೀರಿನ ಸರದಿಗೆ ಆ್ಯಪ್ ಮಾಡಿದವನು ನಾನೇ. ಕೋಡಿಂಗ್ ಗೀಡಿಂಗ್ ನನಗೆ ಬರುವುದಿಲ್ಲ. ಇಂಥ ದಿನ ಇಂಥವರ ಗದ್ದೆಗೆ ನೀರು ಎಂದು ಎಐಗೆ ಕನ್ನಡದಲ್ಲೇ ಹೇಳುತ್ತ ಹೋದೆ, ಅದು ಮಾಡಿಕೊಟ್ಟಿತು. ಕೊತ್ತತ್ತಿ ಕಡೆಯ ನಮ್ಮವರೆಲ್ಲ ಫೋನು ನೋಡಿಕೊಂಡೇ ಗದ್ದೆಗೆ ಹೋಗತೊಡಗಿದರು. ಸರದಿಯ ಜಗಳ ನಿಂತಿತು.

ಆಮೇಲೆ ಅವ್ವ ತೀರಿಕೊಂಡಳು. ಮಣ್ಣು ಮಾಡಿ ಬಂದು ಜಗಲಿಯ ಮೇಲೆ ಕೂತಿದ್ದಾಗ ಫೋನು ಸದ್ದು ಮಾಡಿತು: ‘ಈಗ ನಿಮ್ಮ ಸರದಿ.’ ನೋಡಿ ಪಕ್ಕಕ್ಕಿಟ್ಟೆ. ಸಾವಿನ ಮನೆಯವರ ಗದ್ದೆಗೆ ಪಕ್ಕದ ಗದ್ದೆಯವರು ನೀರು ಕಟ್ಟುತ್ತಾರೆ. ಅದು ನಮ್ಮಲ್ಲಿ ಯಾರೂ ಯಾರಿಗೂ ಹೇಳುವ ಮಾತಲ್ಲ. ಎಐಗೂ ನಾನು ಹೇಳಿರಲಿಲ್ಲ.

ಮೂರನೇ ದಿನ ಮಣ್ಣು ಮಾಡಿದಲ್ಲಿ ಹಾಲುತುಪ್ಪ ಬಿಡುವ ಶಾಸ್ತ್ರ ಮುಗಿಸಿ ಹೋಗಿ ನೋಡಿದರೆ ನಮ್ಮ ಗದ್ದೆಗೆ ನೀರೇ ಬಿದ್ದಿರಲಿಲ್ಲ. ಅವ್ವನ ಚಟ್ಟಕ್ಕೆ ಹೆಗಲು ಕೊಟ್ಟಿದ್ದ ಪಕ್ಕದ ಗದ್ದೆಯಣ್ಣ, “ಫೋನ್ನಾಗೆ ನಿಂದೇ ಸರದಿ ಅಂತ ತೋರುಸ್ತಿತ್ತು ಕಣ್ಲಾ, ನೀನೇ ಬತ್ತೀಯ ಅನ್ಕಂಡೆ” ಎಂದ.

ನನಗೆ ಸಿಟ್ಟೂ ಬರಲಿಲ್ಲ. ಬದುವಿನ ಮೇಲೆ ಕೂತು ಆ ರೂಢಿಯನ್ನೂ ಎಐಗೆ ಹೇಳಿದೆ. ಅದು ಕೂಡಲೇ ಒಪ್ಪಿಕೊಂಡು, ‘ಸಾವಾಗಿದೆ ಎಂದು ಆ್ಯಪಿನಲ್ಲಿ ಯಾರು ತಿಳಿಸಬೇಕು?’ ಎಂದು ಕೇಳಿತು.

ಸತ್ತವರ ಮನೆಯವರೇ, ಎಂದು ಬರೆದೆ.