ಖಾಲಿ ಉಳಿದಿದ್ದ ಕಂತು

ತೊಂಬತ್ತರ ದಶಕದಲ್ಲಿ ನಾನು ಟಿ.ವಿ. ಧಾರಾವಾಹಿಯ ಪ್ರತಿ ಕಂತನ್ನೂ ಬಿ.ಎ. ಓದಿದವಳಿಗೆ ತಕ್ಕಂತೆ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಒಮ್ಮೆ ಕರೆಂಟ್ ಹೋಗಿ ಒಂದು ಕಂತಿನ ಪುಟ ಖಾಲಿ ಉಳಿಯಿತು. ಆ ವಾರವೆಲ್ಲ ಕಂಡಕಂಡವರನ್ನು ಕೇಳಿದೆ, ಯಾರೂ ನೋಡಿರಲಿಲ್ಲ.

ಕೊನೆಗೆ ಶಿಕಾರಿಪುರದ ಬಸ್ಸಿನಲ್ಲಿ ಪಕ್ಕ ಕೂತಿದ್ದ ಕುಪ್ಪಗಡ್ಡೆಯ ಹೆಂಗಸು, "ಅತ್ತೆ-ಸೊಸೆ ಕತೀನಾ? ಬರ್ಕೊಳ್ರೀ, ನಾ ಹೇಳ್ತೀನಿ" ಅಂದಳು. "ಸೊಸೆ ಬೀಗದ ಕೈ ಗೊಂಚಲನ್ನ ಬಾವಿಗೆ ಎಸೆದು, 'ಈಗ ಹುಡುಕ್ಕೊಳ್ಳಿ ಅತ್ತೆ' ಅಂದ್ಲು!"

ಕುಲುಕುವ ಬಸ್ಸಿನಲ್ಲೇ ಎರಡು ಪುಟ ತುಂಬಿಸಿದೆ. ಆನವಟ್ಟಿಯಲ್ಲಿ ಇಳಿಯುತ್ತಾ, "ಸದ್ಯ, ನಿಮ್ಮೂರಲ್ಲಿ ಕರೆಂಟ್ ಇತ್ತಲ್ಲ" ಅಂದೆ.

"ನಮ್ಮನೇಲಿ ಟಿ.ವಿ. ಎಲ್ಲೈತ್ರೀ? ನಾ ಹೇಳಿದ್ದು ನಮ್ಮತ್ತೇದು, ನಂದು!"

ಆ ಪುಟಗಳನ್ನು ನಾನು ಹರಿಯಲಿಲ್ಲ. ಇಡೀ ಧಾರಾವಾಹಿಯಲ್ಲಿ ಅಷ್ಟು ಚೆಂದದ ಕಂತು ಇನ್ನೊಂದಿಲ್ಲ. ಮುಂದೇನಾಯಿತೆಂದು ಕೇಳುವಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತು.