ಇಡ್ಲಿ, ಮುಳುಗಿಸಿ

ನನ್ನ ಮಗಳಿಗೆ ಬರುತ್ತಿದ್ದ ಕನ್ನಡವೆಲ್ಲ ಹೋಟೆಲಿನದು. ಮುಂಬಯಿಯ ಘಾಟ್ಕೋಪರಿನಲ್ಲೇ ಹುಟ್ಟಿ ಬೆಳೆದವಳು. ಮನೆಯಲ್ಲಿ ಕನ್ನಡದಲ್ಲಿ ಬೈದರೆ ಹಿಂದಿಯಲ್ಲಿ ಉತ್ತರ. ಬಿಲ್ಡಿಂಗಿನ ಕೆಳಗಿನ ಉಡುಪಿ ಹೋಟೆಲಿನಲ್ಲಿ ಕೂತಾಗ ಮಾತ್ರ ತಡವರಿಸದೆ ಆರ್ಡರ್ ಕೊಡುತ್ತಿದ್ದಳು. ಹಾಗಾಗಿ ನಾನು ತೆಗೆದ ಪತ್ತೇದಾರಿ ಹಾಸ್ಯಚಿತ್ರದಲ್ಲಿ ಎಲ್ಲರೂ ಹೋಟೆಲಿನ ಆರ್ಡರುಗಳಲ್ಲೇ ಮಾತನಾಡುತ್ತಾರೆ. ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ನೀರಿನ ಟ್ಯಾಂಕಿನಲ್ಲಿ ಸತ್ತಿದ್ದಾನೆ, ಹೆಣ ಮಾಯವಾಗಿದೆ. 'ಇಡ್ಲಿ, ಮುಳುಗಿಸಿ' ಎಂದರೆ, ನೀನೇ ಮುಳುಗಿಸಿ ಕೊಂದೆ. 'ಪಾರ್ಸೆಲ್' ಎಂದರೆ, ಹೌದು, ಹೆಣ ಸಾಗಿಸಿದವಳೂ ನಾನೇ.

ಕೊಲೆಗಾತಿ ನನ್ನ ಮಗಳು. ಪತ್ತೇದಾರ, ವಿಕ್ರೋಳಿಯ ಕಾರ್ಖಾನೆಯಿಂದ ನಿವೃತ್ತರಾಗಿ ಅಲ್ಲೇ ನೆಲೆಸಿರುವ ನನ್ನ ಧಾರವಾಡದ ದೊಡ್ಡಪ್ಪ. ಉಳಿದದ್ದು ಕೊನೆಯ ದೃಶ್ಯ. ಸಂಜೆ ಚಹಾಕ್ಕೆ ಜನ ಬರುವವರೆಗೆ ಮೂಲೆಯ ಟೇಬಲ್ ನಮ್ಮದು. ಮರುದಿನದಿಂದ ಹೋಟೆಲಿನ ರಿಪೇರಿ. ಆ ಮೂಲೆಯೇ ಇರುವುದಿಲ್ಲ, ಚಿತ್ರಕ್ಕೆ ಕೊನೆಯೂ ಇರುವುದಿಲ್ಲ.

ದೊಡ್ಡಪ್ಪ ಗಂಭೀರವಾಗಿ "ಇಡ್ಲಿ, ಮುಳುಗಿಸಿ" ಅಂದರು. ಮಗಳು ಬಾಯಿ ತೆರೆಯುವಷ್ಟರಲ್ಲಿ ಇಬ್ಬರ ನಡುವೆ ಸಾಂಬಾರಿನಲ್ಲಿ ಮುಳುಗಿದ ಇಡ್ಲಿ ಬಂದು ಕೂತಿತು.

ಮತ್ತೆ ತೆಗೆದೆವು. ಮತ್ತೆ ಬಂತು.

"ಇದು ಸಿನಿಮಾ ಅಂತ ಒಳಗೆ ಅಡುಗೆಯವರಿಗೆ ಹೇಳಿ," ಎಂದು ಮಾಲೀಕರನ್ನು ಕೇಳಿಕೊಂಡೆ.

"ಹೇಳ್ಬಹುದು ಮಾರಾಯ್ರೆ. ಮತ್ತೆ ನಿಜದ ಗಿರಾಕಿ ಕೂಗಿದ್ರೂ ಸಿನಿಮಾ ಅಂತ ಸುಮ್ಮನೆ ಕೂತ್ಕೊಳ್ತಾರೆ. ಆಗ?"

ಹಾಗೇ ತೆಗೆಯುತ್ತ ಹೋದೆವು. ದೊಡ್ಡಪ್ಪ ಬಂದ ಪ್ಲೇಟನ್ನೆಲ್ಲ ಖಾಲಿ ಮಾಡುತ್ತಿದ್ದರು.

"ಬಿಡ್ರಿ ದೊಡ್ಡಪ್ಪ, ಬಾಜೂಕ ಇಡ್ರಿ."

"ಮುಂದ ಬಂದ ಅನ್ನ ಹೆಂಗ ಬಿಡ್ಲೋ? ನಿನ್ನ ಸಿನಿಮಾದಾಗ ಸಾಯಾಂವ ಸೆಕ್ರೆಟರೀನೋ, ನಾನೋ?"

ಚಹಾದ ಗಿರಾಕಿಗಳು ಬಾಗಿಲಿಗೆ ಬಂದು ನಿಂತರು. ಕೊನೆಯ ಸಲ ಕ್ಯಾಮೆರಾ ಶುರುವಾಯಿತು. ದೊಡ್ಡಪ್ಪ ಮಗಳನ್ನು ದಿಟ್ಟಿಸಿದರು, ಹೊಟ್ಟೆಯ ಮೇಲೆ ಕೈಯಿಟ್ಟರು. "ಸಾಕವಾ, ಇನ್ನ ಆಗಂಗಿಲ್ಲ" ಅಂದುಬಿಟ್ಟರು.

ಅದು ಆರ್ಡರ್ ಅಲ್ಲ, ಅಡುಗೆಮನೆಯಿಂದ ಏನೂ ಬರಲಿಲ್ಲ. ಮಗಳು ಪ್ಲೇಟಿನಲ್ಲಿ ಉಳಿದಿದ್ದ ಇಡ್ಲಿ ನೋಡಿ, ತಗ್ಗಿದ ದನಿಯಲ್ಲಿ ಕೇಳಿದಳು.

"ಅಜ್ಜಾ, ಪಾರ್ಸೆಲ್?"

ತಪ್ಪೊಪ್ಪಿಗೆಯಾಗಿ ಅದೇ ಚಿತ್ರದಲ್ಲಿ ಉಳಿಯಿತು. ಅವಳ ಕಣ್ಣಲ್ಲಿ ನೀರಿತ್ತೆಂದು ನನ್ನ ನೆನಪು. ಚಿತ್ರದಲ್ಲಿ ನೋಡಿದರೆ ನಗು ತಡೆದುಕೊಂಡಿದ್ದಾಳೆ. ನೆನಪನ್ನು ನಾನು ನಂಬುವುದಿಲ್ಲ. ಕತ್ತರಿಸಿ ಜೋಡಿಸಿದವನು ನಾನೇ ಆದ್ದರಿಂದ ಚಿತ್ರವನ್ನೂ ನಂಬುವುದಿಲ್ಲ. ಒಳಗಿನಿಂದ ಇಡ್ಲಿಯ ಪೊಟ್ಟಣವಂತೂ ಬಂತು. ದೊಡ್ಡಪ್ಪ ಅದನ್ನು ಎದೆಗವಚಿಕೊಂಡು ವಿಕ್ರೋಳಿಗೆ ಲೋಕಲ್ ರೈಲು ಹತ್ತಿದರು.